ಮೂಲೆ ಸೇರಿದ ಮರಕ್ಕೆ ಮರಳಿ ಕೆಲಸ

ಹಿರಿಯರ ಕಾಲದ ದೊಡ್ಡ ಮನೆಯನ್ನು ಬಿಟ್ಟು ಚಿಕ್ಕ ಮನೆಗೆ ಬರುವ ಸಂಸಾರಕ್ಕೆ ಮೊದಲು ಭಾರವೆನಿಸುವುದು ಮರದ ಸಾಮಾನು. ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿಡಬಹುದು, ಹಾಸಿಗೆಗಳನ್ನು ಸುತ್ತಿಡಬಹುದು. ನಾಲ್ವರು ಹೊರಬೇಕಾದ ಸಂದೂಕವನ್ನು ಎರಡು ಕೋಣೆಯ ಮನೆಯಲ್ಲಿ ಎಲ್ಲಿಡುವುದು? ಅದು ಹಿತ್ತಲು ಸೇರುತ್ತದೆ. ಅಲ್ಲಿ ಎರಡು ಮಳೆಗಾಲ ನೆನೆದ ಮೇಲೆ ಗುಜರಿಯವನ ಗಾಡಿಯನ್ನೇರುತ್ತದೆ, ಇಲ್ಲವೆ ಒಲೆಗೆ ಉರುವಲಾಗುತ್ತದೆ. ಮೂರು ತಲೆಮಾರು ಬಾಳಿದ ಸಾಗವಾನಿಯ ಕಥೆ ಹೀಗೆ ಮುಗಿಯುತ್ತದೆ.

ಕೃಷ್ಣಾ, ಘಟಪ್ರಭಾ ನದಿಗಳ ಆಸುಪಾಸಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಈ ಕಥೆಗೆ ಬೇರೆ ಬೇರೆ ಕಾರಣಗಳುಂಟು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಲ್ಲಿ ಇವೆರಡೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ದರಬಾರಿನ ಕಾಲದ ವಾಡೆಗಳು ಅಣ್ಣತಮ್ಮಂದಿರಲ್ಲಿ ಹಂಚಿಹೋಗುತ್ತ ಬಂದಂತೆ ಅಲ್ಲಿಯ ತೂಗುಮಣೆ, ಸಂದೂಕಗಳಿಗೆ ತಾವು ಇಲ್ಲದಾಯಿತು. ರಬಕವಿ-ಬನಹಟ್ಟಿ ನೇಕಾರರ ಜೋಡಿ ಊರು; ವಿದ್ಯುತ್ ಮಗ್ಗಗಳು ಬಂದಂತೆ ಮನೆಯೊಳಗಿನ ಕೈಮಗ್ಗದ ಮರ ಗೋಡೆಗೊರಗಿತು. ಬೀಳಗಿಯದು ಎಲ್ಲಕ್ಕಿಂತ ಕಠಿಣವಾದ ಕಾರಣ. 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಆ ತಾಲ್ಲೂಕಿನ ಅನೇಕ ಹಳ್ಳಿಗಳನ್ನು ನುಂಗಿತು. ಮಣ್ಣಿನ ಮಾಳಿಗೆಯ ವಿಶಾಲವಾದ ಮನೆಗಳಲ್ಲಿದ್ದವರು ಪುನರ್ವಸತಿ ಕೇಂದ್ರಗಳ ಅಳತೆಯ ನಿವೇಶನಗಳಿಗೆ ಹೋಗಬೇಕಾಯಿತು. ಅಣೆಕಟ್ಟಿನಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಒಪ್ಪಿರುವುದರಿಂದ, ಇನ್ನೂ ಕೆಲವು ಊರುಗಳ ಮನೆಗಳ ಮುಂದೆ ಇದೇ ಪ್ರಶ್ನೆ ನಿಂತಿದೆ. ಊರು ಬಿಡುವಾಗ ಗೋಡೆಯನ್ನು ಒಯ್ಯಲಾಗದು, ಬಾವಿಯನ್ನು ಒಯ್ಯಲಾಗದು, ಒಯ್ಯಬಹುದಾದದ್ದು ಮರವೊಂದೇ. ಆದುದರಿಂದ ಅದನ್ನು ಉಳಿಸಿಕೊಳ್ಳುವ ಬಗೆಯನ್ನು ತುಸು ವಿಚಾರ ಮಾಡುವುದು ಒಳ್ಳೆಯದು.

ಹಳೆಯ ಸಾಮಾನನ್ನು ಬರಿಯ ನೋಟಕ್ಕೆಂದು ಇಟ್ಟರೆ ಅದು ಬಹುಕಾಲ ಉಳಿಯುವುದಿಲ್ಲ. ಮೊದಲ ವರ್ಷ ಬಂದವರೆಲ್ಲ ಹೊಗಳುತ್ತಾರೆ. ಎರಡನೆಯ ವರ್ಷ ಧೂಳು ಕೂಡುತ್ತದೆ. ಮೂರನೆಯ ವರ್ಷ ಅಡ್ಡವಾಗುತ್ತದೆ. ದಿನವೂ ಕೈಗೆ ಬರುವ ಕೆಲಸವೊಂದನ್ನು ಕೊಟ್ಟರೆ ಮಾತ್ರ ಮನೆಯವರು ಅದನ್ನು ಒರೆಸುತ್ತಾರೆ, ಸಡಿಲವಾದುದನ್ನು ಬಿಗಿ ಮಾಡಿಸುತ್ತಾರೆ. ಆ ಕೆಲಸವನ್ನು ಆರಿಸುವಾಗ ಹಳೆಯದನ್ನೇ ಕೇಳಬೇಕು: ಇದು ಎಷ್ಟು ಭಾರ ಹೊತ್ತಿತ್ತು? ಇದರ ಎತ್ತರವೆಷ್ಟು? ಇದು ಮುಚ್ಚಿಡುವ ವಸ್ತುವೋ, ತೆರೆದಿಡುವ ವಸ್ತುವೋ? ಹೊಸ ಕೆಲಸ ಹಳೆಯದಕ್ಕೆ ಹತ್ತಿರವಾದಷ್ಟೂ ಗರಗಸದ ಅಗತ್ಯ ಕಡಿಮೆ.

ಸಂದೂಕವನ್ನೇ ತೆಗೆದುಕೊಳ್ಳಿ. ಅದರ ಎತ್ತರ ಹದಿನೆಂಟು ಅಂಗುಲದ ಸುತ್ತಮುತ್ತ ಇದ್ದು ಮುಚ್ಚಳ ಚಪ್ಪಟೆಯಾಗಿದ್ದರೆ ಪಡಸಾಲೆಯಲ್ಲಿ ಇಬ್ಬರು ಕೂರುವ ಆಸನ ಸಿದ್ಧವಾಯಿತೆಂದೇ ತಿಳಿಯಿರಿ. ಮೇಲೊಂದು ತೆಳುವಾದ ಗಾದಿ ಹಾಕಿ. ಒಳಗೆ ಚಳಿಗಾಲದ ಕೌದಿಗಳು ಹಿಡಿಯುತ್ತವೆ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಮಕ್ಕಳು ಆಟದಲ್ಲಿ ಒಳಗೆ ಅಡಗುವುದುಂಟು. ಆದುದರಿಂದ ತಾನಾಗಿಯೇ ಸಿಕ್ಕಿಕೊಳ್ಳುವ ಕೊಂಡಿಯನ್ನು ತೆಗೆಸಿ, ಗಾಳಿಯಾಡಲು ಹಿಂಬದಿಯ ಹಲಗೆಯಲ್ಲಿ ನಾಲ್ಕು ರಂಧ್ರ ಕೊರೆಸಬೇಕು. ಎತ್ತಿದ ಮುಚ್ಚಳ ಕೈಬೆರಳ ಮೇಲೆ ಬೀಳದಂತೆ ತಡೆಯುವ ಲೋಹದ ತೋಳನ್ನೂ ಒಳಬದಿಗೆ ಹಾಕಿಸಬೇಕು.

ಅಂಗಡಿಯ ಗಾದಿಯ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದ ಗುಮಾಸ್ತರ ಇಳಿಜಾರು ಮುಚ್ಚಳದ ಡೆಸ್ಕು ವರ್ತಕರ ಮನೆಗಳಲ್ಲಿ ಇಂದಿಗೂ ಸಿಗುತ್ತದೆ. ನೆಲದ ಮೇಲೆ ಕುಳಿತು ಓದುವ ಮಗುವಿಗೆ ಇದಕ್ಕಿಂತ ಒಳ್ಳೆಯ ಮೇಜಿಲ್ಲ. ಇಳಿಜಾರು ಪುಸ್ತಕವನ್ನು ಕಣ್ಣಿಗೆ ಎತ್ತಿ ಹಿಡಿಯುತ್ತದೆ, ಕತ್ತು ಬಗ್ಗುವುದು ತಪ್ಪುತ್ತದೆ. ಲ್ಯಾಪ್‌ಟಾಪ್ ಇಡುವವರು ಕೆಳ ಅಂಚಿಗೆ ಅರ್ಧ ಅಂಗುಲದ ಪಟ್ಟಿಯೊಂದನ್ನು ಹಚ್ಚಿಸಿದರೆ ಅದು ಜಾರುವುದಿಲ್ಲ. ಕೊಡಗಳನ್ನು ಸಾಲಾಗಿ ಇಡುತ್ತಿದ್ದ ಗಡಂಚಿ ತುಂಬಿದ ನೀರಿನ ಭಾರವನ್ನು ಹೊತ್ತದ್ದು. ನೀರಿನ ಫಿಲ್ಟರನ್ನಾಗಲಿ ಹೂಕುಂಡಗಳನ್ನಾಗಲಿ ನಿರಾಯಾಸವಾಗಿ ಹೊರುತ್ತದೆ. ತೂಗುಮಣೆಯನ್ನು ತೂಗಹಾಕಲು ಹೊಸ ಮನೆಯಲ್ಲಿ ತೊಲೆಯಿಲ್ಲದಿದ್ದರೆ ಸರಪಳಿಗಳನ್ನು ಎಣ್ಣೆ ಸವರಿ ಕಟ್ಟಿಡಿ. ಹಲಗೆಯನ್ನು ಗಟ್ಟಿಯಾದ ಕಾಲ್ಗಳ ಮೇಲೆ ಕೂರಿಸಿದರೆ ದಿವಾನವಾಗುತ್ತದೆ. ಕೊಂಡಿಗಳನ್ನು ಮಾತ್ರ ಕೀಳಬೇಡಿ. ಮುಂದೊಂದು ದಿನ ತೊಲೆಯಿರುವ ಮನೆ ಒದಗೀತು.

ಕೆಲವು ವಸ್ತುಗಳ ವಿಷಯದಲ್ಲಿ ಹೊಸ ಕೆಲಸವನ್ನು ಹುಡುಕುವ ಮೊದಲು ಹಳೆಯ ಕೆಲಸ ನಿಜವಾಗಿಯೂ ಮುಗಿದಿದೆಯೇ ಎಂದು ನೋಡಬೇಕು. ತೊಟ್ಟಿಲು ಅಂಥದು. ಖಾಲಿ ತೊಟ್ಟಿಲನ್ನು ತೂಗಬಾರದೆಂದು ಹಿರಿಯರು ಹೇಳುತ್ತಾರೆ. ಆದರೆ ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ ಅದರಲ್ಲಿ ಆಟಿಕೆಗಳನ್ನೋ ಒಗೆದ ಬಟ್ಟೆಗಳನ್ನೋ ಇಟ್ಟರೆ ಯಾರ ಮನಸ್ಸೂ ನೋಯುವುದಿಲ್ಲ. ತೊಟ್ಟಿಲನ್ನು ಕತ್ತರಿಸಿ ಪುಸ್ತಕದ ಕಪಾಟು ಮಾಡಿದವರ ಮನೆಗೆ ಮೊಮ್ಮಗು ಬಂದಾಗ ಅಂಗಡಿಯಿಂದ ಹೊಸದನ್ನು ತರಬೇಕಾಗುತ್ತದೆ.

ಮಗ್ಗದ ಮಾತೂ ಹಾಗೆಯೇ. ನೇಕಾರರು ನೆಲದಲ್ಲಿ ಕುಣಿ ತೋಡಿ, ಕಾಲಿಳಿಬಿಟ್ಟು ಕುಳಿತು ನೇಯುವ ಕುಣಿಮಗ್ಗಗಳು ಬಾಗಲಕೋಟೆ ಜಿಲ್ಲೆಯಲ್ಲಿ ಪೂರ್ತಿಯಾಗಿ ನಿಂತಿಲ್ಲ. ಇಳಕಲ್ಲಿನ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಇನ್ನೂ ಕೈಗಳಿವೆ. ಗೋಡೆಗೊರಗಿದ ಮಗ್ಗದ ಹಣಿಗೆ, ಲಾಳಿ, ದಿಂಡುಗಳನ್ನು ಬಡಿಗರಿಗೆ ತೋರಿಸುವ ಮೊದಲು ನೇಕಾರರೊಬ್ಬರಿಗೆ ತೋರಿಸಿ. ಬಳಕೆಗೆ ಬರುವುದು ಅವರ ಮನೆಗೆ ಹೋಗಲಿ. ಯಾರಿಗೂ ಬೇಡವೆಂದು ಖಚಿತವಾದ ಮೇಲೆ ಕಂಬಗಳು ಗೋಡೆಯ ಹಲಗೆಗಳಿಗೆ ಆಸರೆಯಾಗಬಹುದು. ಬಟ್ಟೆ ಸುತ್ತಿಕೊಳ್ಳುತ್ತಿದ್ದ ದಿಂಡನ್ನು ಎರಡು ಕೊಂಡಿಗಳ ಮೇಲಿಟ್ಟರೆ ಶಾಲು, ಸೀರೆಗಳನ್ನು ತೂಗುಬಿಡಲು ಅನುಕೂಲ. ಬಟ್ಟೆ ಉಜ್ಜಿ ಉಜ್ಜಿ ನುಣುಪಾದ ಆ ಮರಕ್ಕೆ ಎಳೆ ಸಿಕ್ಕುವ ಭಯವಿಲ್ಲ.

ಇನ್ನು ಮರದ ಆರೋಗ್ಯ. ಕುಟ್ಟೆಹುಳದ ರಂಧ್ರಗಳನ್ನು ಕಂಡೊಡನೆ ಎಸೆಯಬೇಡಿ. ಹುಳ ಬಿಟ್ಟುಹೋದ ಹಳೆಯ ರಂಧ್ರಗಳೂ ಇರುತ್ತವೆ. ಕೆಳಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಡಿ. ಹಿಟ್ಟಿನಂಥ ಹೊಸ ಪುಡಿ ಬಿದ್ದರೆ ಹುಳ ಇನ್ನೂ ಜೀವಂತವಾಗಿದೆಯೆಂದರ್ಥ. ಆಗ ಬಣ್ಣ, ಪಾಲಿಶ್ ತೆಗೆದ ಬರಿಯ ಮರಕ್ಕೆ ಬಿಳಿಗಾರ ಮತ್ತು ಬೋರಿಕ್ ಆಮ್ಲದ ದ್ರಾವಣವನ್ನು ಬಳಿಸಬೇಕು. ಮೇಲೆ ಪಾಲಿಶ್ ಇದ್ದರೆ ಔಷಧ ಒಳಗಿಳಿಯುವುದಿಲ್ಲ.

ನೆರೆಯ ನೀರು ಕುಡಿದ ಮರದ ವಿಷಯವನ್ನು ಈ ಭಾಗದವರಿಗೆ ಹೇಳಲೇಬೇಕು. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಘಟಪ್ರಭೆಯೂ ಉಕ್ಕಿದಾಗ ನದೀತೀರದ ಮನೆಗಳ ಒಳಗೆ ನೀರು ನಿಂತಿತು. ಹೊಟ್ಟು ಒತ್ತಿ ಮಾಡಿದ ಇಂದಿನ ಹಲಗೆಗಳು ಒಮ್ಮೆ ಉಬ್ಬಿದರೆ ಮತ್ತೆ ಮೊದಲಿನಂತಾಗುವುದಿಲ್ಲ. ಇಡೀ ಮರದ ಹಳೆಯ ಸಾಮಾನು ತಾಳ್ಮೆಯಿಂದ ಒಣಗಿಸಿದರೆ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಕೆಸರನ್ನು ಶುದ್ಧ ನೀರಿನಿಂದ ತೊಳೆದು, ಇಟ್ಟಿಗೆಗಳ ಮೇಲೆ ಎತ್ತಿಟ್ಟು, ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಬಿಡಬೇಕು. ಬಿಸಿಲಿಗಿಟ್ಟರೆ ಹೊರಮೈ ಬೇಗ ಕುಗ್ಗಿ, ಒಳಮೈ ಹಸಿಯಾಗಿಯೇ ಉಳಿದು ಮರ ಸೀಳುತ್ತದೆ. ಉಬ್ಬಿ ಸಿಕ್ಕಿಕೊಂಡ ಖಾನೆಗಳನ್ನು ಎಳೆಯಬೇಡಿ. ಒಣಗಿದ ಮೇಲೆ ಅವು ತಾವೇ ಸಡಿಲವಾಗುತ್ತವೆ.

ಹಳೆಯ ಬಣ್ಣವನ್ನು ಕೆರೆಯುವವರು ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಡಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಅಂಶ ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಾಗಿದ್ದಿರಬಹುದು. ಅದರ ಪುಡಿ ಎಳೆಯ ಮಕ್ಕಳ ಮಿದುಳಿಗೆ ಕೇಡು. ಬಣ್ಣ ಬಳಿದ ತೊಟ್ಟಿಲನ್ನು ಒಣಗಿದಂತೆಯೇ ಮರಳು ಕಾಗದದಿಂದ ಉಜ್ಜಬೇಡಿ. ನೀರು ಹನಿಸಿ, ಹೊರಗೆ, ಮಕ್ಕಳಿಲ್ಲದ ಕಡೆ ಉಜ್ಜಿ. ಕೆರೆದದ್ದನ್ನು ಕಾಗದದಲ್ಲಿ ಕಟ್ಟಿ ಬೇರೆಯಾಗಿಡಿ.

ಕೊನೆಗೆ ಮೈಗೆ ಹಚ್ಚುವ ಎಣ್ಣೆ. ನಮ್ಮ ಅಡಿಗೆಮನೆಯಲ್ಲಿ ಚಟ್ನಿಯಾಗುವ ಅಗಸಿಯ ಎಣ್ಣೆಯೇ ಮರಕ್ಕೂ ಹಿತ. ತೆಳುವಾಗಿ ಹಚ್ಚಿ, ಹೆಚ್ಚಾದುದನ್ನು ಒರೆಸಿ ತೆಗೆದು, ಕೆಲವು ದಿನ ಒಣಗಲು ಬಿಡಬೇಕು. ಒರೆಸಿದ ಚಿಂದಿಯನ್ನು ಮುದುರಿ ಮೂಲೆಗೆ ಎಸೆಯುವುದು ಅಪಾಯ. ಅಗಸಿ ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಕಾವು ಹುಟ್ಟಿ, ಮುದುರಿದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಅದನ್ನು ನೀರಿನಲ್ಲಿ ನೆನೆಸಿ, ಬಿಡಿಸಿ, ಬಯಲಿನಲ್ಲಿ ಹರವಬೇಕು.

ಬಡಿಗರನ್ನು ಕರೆಸಿದಾಗ ಹೇಳಬೇಕಾದ ಮಾತು ಒಂದೇ: ಸೇರಿಸುವುದಿದ್ದರೆ ಸೇರಿಸಿ, ಕತ್ತರಿಸಬೇಡಿ. ಕಚ್ಚು ಕೊಟ್ಟು ಕೂಡಿಸಿದ ಹಳೆಯ ಕೀಲುಗಳಿಗೆ ಮೊಳೆ ಹೊಡೆಯದೆ, ಮುಂದೆ ಬಿಚ್ಚಬಹುದಾದ ತಿರುಪುಗಳನ್ನೇ ಬಳಸಲಿ. ಇಂದು ಸಂದೂಕ ಆಸನವಾಗಿದೆ. ನಾಳೆ ಮಗಳ ಮನೆಯಲ್ಲಿ ಅದು ಮತ್ತೆ ಸಂದೂಕವೇ ಆಗಬೇಕಾದೀತು. ಹಾಗೆ ಆಗಲು ಬೇಕಾದಷ್ಟನ್ನು ಮರದಲ್ಲಿ ಉಳಿಸಿಟ್ಟರೆ, ಈ ತಲೆಮಾರಿನ ಪಾಲಿನ ಕೆಲಸ ಮುಗಿದಂತೆ.