ಇಗರ್ಜಿಯ ಕಾಣಿಕೆ ಬಿಷಪ್ ಹೌಸಿಗೆ ಯಾಕೆ?

ವರ್ಷಕ್ಕೊಮ್ಮೆ ಭಾನುವಾರದ ಪೂಜೆ ಮುಗಿದ ಮೇಲೆ ಇಗರ್ಜಿಯಲ್ಲಿ ಲೆಕ್ಕಪತ್ರ ಓದುತ್ತಾರೆ. ಕರೆಂಟು ಬಿಲ್ಲು, ಬಣ್ಣದ ಖರ್ಚು, ಹಬ್ಬದ ಶಾಮಿಯಾನ ಎಲ್ಲ ತಕರಾರಿಲ್ಲದೆ ದಾಟುತ್ತವೆ. ‘ಧರ್ಮಪ್ರಾಂತ್ಯಕ್ಕೆ ಸಂದಾಯ’, ಅಂದರೆ ಬಿಷಪರ ಆಡಳಿತಕ್ಕೆ ಕೊಟ್ಟ ಪಾಲು, ಎಂಬ ಸಾಲು ಬಂತೋ, ಹಿಂದಿನ ಬೆಂಚುಗಳಲ್ಲಿ ಗುಸುಗುಸು ಶುರು: ಸೋರುವ ಮಾಡು ನಮ್ಮದು, ದುಡ್ಡು ಹೋಗುವುದು ಬಿಷಪ್ ಹೌಸಿಗೆ! ಕಥೋಲಿಕರ ನಡುವೆ ಓಡಾಡುವ ಇಂಥ ಮಾತುಗಳನ್ನು ಆ ಧರ್ಮಸಭೆಯದೇ ಕಾನೂನಿನ, ಅಂದರೆ 1983ರ ಕೆನನ್ ಲಾ ಸಂಹಿತೆಯ ಪಕ್ಕದಲ್ಲಿಟ್ಟು ನೋಡೋಣ.

ತಪ್ಪು ಕಲ್ಪನೆ: ಇದು ಮೇಲಿನವರಿಗೆ ಕೆಳಗಿನವರು ಕಟ್ಟುವ ಕಪ್ಪ.

ಸತ್ಯ: ಕಪ್ಪ ಕಟ್ಟಿದವನಿಗೆ ಏನೂ ಮರಳಿ ಬರುವುದಿಲ್ಲ. ಇಲ್ಲಿ ಮರಳಿ ಬಂದದ್ದು ನಿಮ್ಮ ಕಣ್ಣೆದುರೇ, ಬಲಿಪೀಠದ ಮುಂದೆ ನಿಂತಿರುತ್ತದೆ. ನಿಮ್ಮ ವಿಗಾರರು, ಅಂದರೆ ಇಗರ್ಜಿಯ ಹೊಣೆ ಹೊತ್ತ ಗುರುಗಳು, ಸಾಮಾನ್ಯವಾಗಿ ಬೇರೆ ಊರಿನವರು. ನಿಮ್ಮೂರಿನ ಹುಡುಗ ಗುರುವಾದರೆ ಸೇವೆಗೆ ಹೋಗುವುದೂ ಬೇರೆ ಊರಿಗೇ. ಗುರುವಾಗಲು ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಕನಿಷ್ಠ 6 ವರ್ಷ ಓದಬೇಕು ಎನ್ನುತ್ತದೆ ಕಾನೂನು. ಮಂಗಳೂರಿನ ಜೆಪ್ಪುವಿನಲ್ಲಿ 1879ರಲ್ಲಿ ಶುರುವಾದಂಥ ಗುರುಮಠವೊಂದನ್ನು ನಡೆಸುವುದು ಒಂದು ಇಗರ್ಜಿಯ ಕೈಲಾಗುವ ಕೆಲಸವಲ್ಲ. ಅದಕ್ಕೇ ಗುರುಮಠಕ್ಕಾಗಿ ಪಾಲು ಕೇಳಲು ಬಿಷಪರಿಗೆ 264ನೆಯ ವಿಧಿ ಅವಕಾಶ ಕೊಟ್ಟಿದೆ. ವಿಗಾರರಿಗೆ 75 ತುಂಬಿದಾಗ ರಾಜೀನಾಮೆ ಸಲ್ಲಿಸುವಂತೆ ನಿಯಮ ಕೋರುತ್ತದೆ. ಆಮೇಲಿನ ಅವರ ಊಟ, ವಸತಿ, ಔಷಧಿಯನ್ನು ನೋಡಿಕೊಳ್ಳಬೇಕಾದದ್ದು ಧರ್ಮಪ್ರಾಂತ್ಯ. ಅವರು ಸೇವೆ ಮಾಡಿದ ಯಾವ ಒಂದು ಊರಿನ ಮೇಲೂ ಆ ಭಾರ ಬೀಳುವುದಿಲ್ಲ.

ತಪ್ಪು ಕಲ್ಪನೆ: ವ್ಯಾಟಿಕನ್ನಿಂದ ದುಡ್ಡು ಬರುತ್ತಿರುವಾಗ ನಮ್ಮ ಕಾಣಿಕೆ ಯಾಕೆ?

ಸತ್ಯ: ಯುರೋಪಿನ ಮಿಷನರಿಗಳಿದ್ದ ಕಾಲದಲ್ಲಿ ಅಲ್ಲಿಯ ಭಕ್ತರ ನೆರವು ಬರುತ್ತಿದ್ದದ್ದು ನಿಜ. ಆ ಕಾಲದ ನೆನಪೇ ಇವತ್ತಿಗೂ ನಂಬಿಕೆಯಾಗಿ ಉಳಿದಿದೆ. ಈಗ ಹೊರದೇಶದ ಹಣ ಬರಬೇಕಾದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಅನುಮತಿಯೋ ಬೇಕು. ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸಲು 2020ರ ತಿದ್ದುಪಡಿ ಬಿಡುವುದಿಲ್ಲ. ಅತ್ತ ಜಗತ್ತಿನ ಇಗರ್ಜಿಗಳಿಂದ ರೋಮಿನ ಕಡೆಗೂ ಹಣ ಹರಿಯುತ್ತದೆ: ಜೂನ್ 29ರ ಆಸುಪಾಸಿನಲ್ಲಿ ಪೋಪರ ಸೇವಾಕಾರ್ಯಗಳಿಗೆ ಎತ್ತುವ ಕಾಣಿಕೆ ಒಂದು, 1926ರಲ್ಲಿ ಆರಂಭವಾದ ಮಿಷನ್ ಭಾನುವಾರದ ಕಾಣಿಕೆ ಇನ್ನೊಂದು.

ತಪ್ಪು ಕಲ್ಪನೆ: ಬಿಷಪರು ಕೇಳಿದಷ್ಟು ಕೊಡಲೇಬೇಕು.

ಸತ್ಯ: 1263ನೆಯ ವಿಧಿ ಬಿಷಪರಿಗೆ ಪಾಲು ವಿಧಿಸುವ ಹಕ್ಕು ಕೊಟ್ಟ ಉಸಿರಿನಲ್ಲೇ ಕಡಿವಾಣವನ್ನೂ ಹಾಕಿದೆ. ಮೊದಲು ಹಣಕಾಸು ಸಮಿತಿಯ ಮತ್ತು ಗುರುಗಳ ಮಂಡಳಿಯ ಅಭಿಪ್ರಾಯ ಕೇಳಬೇಕು. ಮೊತ್ತ ಮಿತವಾಗಿರಬೇಕು, ಆದಾಯಕ್ಕೆ ತಕ್ಕಂತಿರಬೇಕು. ಜಗತ್ತಿಗೆಲ್ಲ ಒಂದೇ ಶೇಕಡಾವಾರು ಎಂಬುದಿಲ್ಲ. ಮುಖ್ಯ ಮಾತೆಂದರೆ, ಈ ಪಾಲು ಬೀಳುವುದು ಧರ್ಮಕೇಂದ್ರದ, ಅಂದರೆ ಊರಿನ ಇಗರ್ಜಿಯ, ಮೇಲೆ, ಮನೆಮನೆಯ ಮೇಲಲ್ಲ. ಗಂಭೀರ ಅಗತ್ಯ ಬಂದಾಗಷ್ಟೇ ವ್ಯಕ್ತಿಗಳ ಮೇಲೆ ವಿಶೇಷ ಪಾಲು ಹಾಕಲು ಅವಕಾಶವಿದೆ. ಜರ್ಮನಿಗೆ ಕೆಲಸಕ್ಕೆ ಹೋದ ನಮ್ಮವರು ಅಲ್ಲಿ ನೋಂದಣಿಯ ಕಾಗದದಲ್ಲಿ ಕಥೋಲಿಕ ಎಂದು ಬರೆಸಿದರೆ, ಆದಾಯ ತೆರಿಗೆಯ ಶೇ. 8 ಅಥವಾ 9ರಷ್ಟು ಚರ್ಚ್ ತೆರಿಗೆಯನ್ನು ಸರ್ಕಾರವೇ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ಅಂಥ ಪದ್ಧತಿಯೇ ಇಲ್ಲ.

ತಪ್ಪು ಕಲ್ಪನೆ: ಹೇಗೂ ಇಗರ್ಜಿಯ ಆಸ್ತಿಯೆಲ್ಲ ಬಿಷಪರದೇ.

ಸತ್ಯ: ಕೆನನ್ ಲಾ ಪ್ರಕಾರ ಪ್ರತಿಯೊಂದು ಧರ್ಮಕೇಂದ್ರವೂ ತಾನೇ ಒಂದು ಕಾನೂನುಬದ್ಧ ವ್ಯಕ್ತಿ, ಅದು ಗಳಿಸಿದ್ದು ಅದರದ್ದೇ. ಬೆಲೆಬಾಳುವ ಆಸ್ತಿ ಮಾರಲು ವಿಗಾರರಿಗೆ ಬಿಷಪರ ಒಪ್ಪಿಗೆ ಬೇಕು. ಬಿಷಪರಿಗೆ ತಮ್ಮ ಸಮಿತಿಗಳ ಸಮ್ಮತಿ ಬೇಕು. ಒಂದೇ ಪೆಟ್ಟಿಗೆಗೆ ಎರಡು ಬೀಗ ಹಾಕಿದ ಹಾಗೆ. ನೀವು ಮಾಡು ರಿಪೇರಿಗೆಂದು ಕೊಟ್ಟ ಹಣ ಮಾಡಿಗೇ ಹೋಗಬೇಕು: ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು ಎಂದು 1267ನೆಯ ವಿಧಿ ನೇರವಾಗಿಯೇ ಹೇಳುತ್ತದೆ.

ತಪ್ಪು ಕಲ್ಪನೆ: ಊರಿನ ದುಡ್ಡು ಊರಿನಲ್ಲೇ ಉಳಿಯಬೇಕು. ಹೊರಗೆ ಕೊಡುವುದು ಇತ್ತೀಚಿನವರು ಮಾಡಿದ ರೂಢಿ.

ಸತ್ಯ: ಕ್ರೈಸ್ತ ಧರ್ಮದಷ್ಟೇ ಹಳೆಯ ರೂಢಿ ಇದು. ಜೆರುಸಲೇಮಿನ ಬಡ ಭಕ್ತರಿಗಾಗಿ ಸಂತ ಪೌಲ ದೂರದ ಕೊರಿಂಥದವರಿಂದ ಕಾಣಿಕೆ ಎತ್ತಿದ್ದು ಬೈಬಲಿನಲ್ಲೇ ಇದೆ. ವಾರದ ಮೊದಲ ದಿನ ಒಂದಿಷ್ಟು ತೆಗೆದಿಡಿ ಎಂದು ಅವರಿಗೆ ಕಾಗದ ಬರೆದವನೂ ಆತನೇ. ನಮ್ಮ ಕರಾವಳಿಯ ಚರಿತ್ರೆಯೂ ಇದೇ ಜಾಡಿನದು. ಮಂಗಳೂರು ಧರ್ಮಪ್ರಾಂತ್ಯದಿಂದ 1923ರಲ್ಲಿ ಕಲ್ಲಿಕೋಟೆ, 2012ರಲ್ಲಿ ಉಡುಪಿ ಬೇರೆಯಾದವು. ಪ್ರತಿ ಸಲವೂ ಹೊಸ ಮನೆ ಹೂಡಿದ್ದು ಹಳೆಯ ಮನೆಯವರು ಬೆಳೆಸಿದ ಗುರುಗಳನ್ನು, ಕಟ್ಟಿದ ಇಗರ್ಜಿಗಳನ್ನು ಪಾಲಿಗೆ ಪಡೆದೇ. ಇಂದಿನ ಶ್ರೀಮಂತ ಇಗರ್ಜಿಯೂ ಒಂದು ಕಾಲಕ್ಕೆ ಯಾರದೋ ಕಾಣಿಕೆಯಲ್ಲಿ ಎದ್ದ ಮುಳಿಹುಲ್ಲಿನ ಮಾಡಾಗಿದ್ದೀತು.

ತಪ್ಪು ಕಲ್ಪನೆ: ಲೆಕ್ಕ ಕೇಳುವುದು ಅವಿಧೇಯತೆ.

ಸತ್ಯ: ಉಳಿದೆಲ್ಲ ತಪ್ಪು ಕಲ್ಪನೆಗಳಿಗೂ ನೀರೆರೆಯುವುದು ಇದೇ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು, ಧರ್ಮಪ್ರಾಂತ್ಯಕ್ಕೂ ಇರಲೇಬೇಕು. ಇವು ವಿಗಾರರ, ಬಿಷಪರ ಮರ್ಜಿಗೆ ಬಿಟ್ಟ ಸಂಗತಿಗಳಲ್ಲ. ಭಕ್ತರು ಕೊಟ್ಟ ಹಣದ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಎಂದು 1287ನೆಯ ವಿಧಿಯಲ್ಲಿದೆ. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ಭಕ್ತರ ಕರ್ತವ್ಯ ಎಂದು 222ನೆಯ ವಿಧಿ ಹೇಳುವುದೂ ಇದೇ ಸಂಹಿತೆಯಲ್ಲೇ. ಒಂದನ್ನು ಪೀಠದಿಂದ ಸಾರಿ ಇನ್ನೊಂದನ್ನು ಮರೆತರೆ ಗುಸುಗುಸು ಹುಟ್ಟದೆ ಇರುತ್ತದೆಯೇ?

ಹಾಗಾಗಿ ಮುಂದಿನ ವರ್ಷ ಆ ಸಾಲು ಓದಿದಾಗ ಪಕ್ಕದವರ ಕಿವಿಗೆ ಬಾಗುವುದು ಬೇಡ. ಎದ್ದು ನಿಂತು ಕೇಳಿ: ಎಷ್ಟು ಹೋಯಿತು, ಯಾವುದಕ್ಕೆ ಹೋಯಿತು? ಉತ್ತರ ಸಿಕ್ಕಿದ ಮೇಲೆ, ಸೋರುವ ಮಾಡಿನ ಮಾತನ್ನೂ ಅಲ್ಲೇ ಎತ್ತಿ. ನಿಮ್ಮ ಪಾಲು ಸೇರಿದ ನಿಧಿಯಿಂದ ನಿಮ್ಮ ಇಗರ್ಜಿಗೂ ನೆರವು ಕೇಳುವುದರಲ್ಲಿ ತಪ್ಪೇನಿದೆ?