ಕುದುರೆಯ ಮೈಮೇಲಿನ ಗಂಟು ಬರೀ ನರಹುಲಿಯಲ್ಲ

ಸಂಘದ ವಿಹಾರಕೂಟವೆಂದು ಒಮ್ಮೆಯಾದರೂ ಮಾಥೇರಾನ್‌ಗೆ ಹೋಗದ ಮುಂಬಯಿ ಕನ್ನಡಿಗರು ವಿರಳ. ಖಾಸಗಿ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಆ ಗಿರಿಧಾಮದಲ್ಲಿ ಇಂದಿಗೂ ಅನೇಕ ಕುಟುಂಬಗಳ ಅನ್ನ ಕುದುರೆಯ ಬೆನ್ನ ಮೇಲಿದೆ. ಕಳೆದ ಚಳಿಗಾಲದಲ್ಲಿ ಹೋಗಿದ್ದಾಗ, ನಾನು ಏರಬೇಕೆಂದಿದ್ದ ಕುದುರೆಯ ಎದೆಯ ಕೆಳಗೆ, ಜೀನಿನ ಪಟ್ಟಿ ಬಿಗಿಯುವಲ್ಲಿ, ನೆಲ್ಲಿಕಾಯಿ ಗಾತ್ರದ ಗಂಟು ಕಂಡಿತು. ಬುಡಕ್ಕೆ ಬಾಲದ ಕೂದಲು ಬಿಗಿದಿತ್ತು. "ನರಹುಲಿ ಸಾಹೇಬ್, ತಾನಾಗಿ ಬಿದ್ದುಹೋಗುತ್ತದೆ" ಎಂದರು ಕುದುರೆಯವರು. ಹೋದ ವರ್ಷವೂ ಬಿದ್ದಿತ್ತಂತೆ, ಮತ್ತೆ ಬಂದಿದೆ!

ಮರಳಿದ ಮೇಲೆ ಪರಿಚಯದ ಪಶುವೈದ್ಯರಲ್ಲಿ ವಿಚಾರಿಸಿದೆ. "ಮರಳಿ ಬಂದಿದ್ದರೆ ಸಾರ್ಕಾಯ್ಡ್ ಇರಬಹುದು, ಆದರೆ ನೋಡದೆ ಹೇಳಲಾರೆ" ಎಂದರು.

ಕುದುರೆಗಳ ಚರ್ಮದ ಗೆಡ್ಡೆಗಳಲ್ಲಿ ಅತಿ ಸಾಮಾನ್ಯವಾದುದು ಸಾರ್ಕಾಯ್ಡ್. ದನಗಳಿಗೆ ನರಹುಲಿ ತರುವ ಪ್ಯಾಪಿಲೋಮಾ ವೈರಸ್ಸಿಗೂ ಇದಕ್ಕೂ ನಂಟಿದೆ. ಇದು ದೇಹದ ಒಳಗೆ ಹರಡುವುದು ಅಪರೂಪ. ಆದರೆ ಬೇರು ಉಳಿದರೆ ಮತ್ತೆ ಚಿಗುರುತ್ತದೆ. ಬೂದು-ಬಿಳಿ ಕುದುರೆಗಳಿಗೆ ವಯಸ್ಸಾದಂತೆ ಬಾಲದ ಬುಡದಲ್ಲಿ ಏಳುವ ಕಪ್ಪು ಗಂಟು ಮೆಲನೋಮಾ. 15 ವರ್ಷ ದಾಟಿದ ಇಂಥ ಕುದುರೆಗಳಲ್ಲಿ ಹೆಚ್ಚಿನವಕ್ಕೆ ಇದು ತಪ್ಪಿದ್ದಲ್ಲ. ಕಣ್ಣಿನ ಸುತ್ತ ಅಥವಾ ಜನನಾಂಗದ ಮೇಲೆ ಮಾಯದ ಹುಣ್ಣಿದ್ದರೆ ಸ್ಕ್ವೇಮಸ್ ಸೆಲ್ ಕ್ಯಾನ್ಸರ್‌ನ ಶಂಕೆ.

ಕಣ್ಣಂದಾಜು ಸಾಲದು. ನೊಣಗಳು ತರುವ ಹುಳುವಿನ ಹುಣ್ಣೂ, ಗಾಯದ ಮೇಲೆ ಬೆಳೆಯುವ ದುರ್ಮಾಂಸವೂ ಹೀಗೆಯೇ ಕಾಣುತ್ತವೆ. ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೇ ಖಚಿತ. ಆದರೆ ಸಾರ್ಕಾಯ್ಡ್‌ನ ಚೂರನ್ನಷ್ಟೇ ಕತ್ತರಿಸಿದರೆ ಉಳಿದದ್ದು ಕೆರಳುವ ಅಪಾಯವಿದೆ. ಹಾಗಾಗಿ ಸಣ್ಣ ಗಂಟನ್ನು ಪೂರ್ತಿ ತೆಗೆದೇ ಪರೀಕ್ಷೆಗೆ ಕಳುಹಿಸುವುದುಂಟು.

ಸಣ್ಣ ಗಂಟಾದರೆ ಕುದುರೆಗೆ ಮಂಪರಿನ ಮದ್ದು ಕೊಟ್ಟು, ಜಾಗ ಮರಗಟ್ಟಿಸಿ, ನಿಂತಲ್ಲೇ ಶಸ್ತ್ರಚಿಕಿತ್ಸೆ ಮಾಡಬಹುದು. ದೊಡ್ಡದಾದರೆ ಪೂರ್ಣ ಅರಿವಳಿಕೆ ಬೇಕಾಗಬಹುದು. ಗಂಟಿನ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯಬೇಕು. ಇಲ್ಲವಾದರೆ ಬಡ್ಡಿ ಕಟ್ಟಿ ಅಸಲು ಉಳಿಸಿದಂತೆ! ಲೇಸರ್, ಅತಿಶೀತ ಚಿಕಿತ್ಸೆ, ಗಂಟಿಗೇ ಕೊಡುವ ಸಿಸ್‌ಪ್ಲಾಟಿನ್ ಚುಚ್ಚುಮದ್ದು ಕೂಡ ಬಳಕೆಯಲ್ಲಿವೆ.

ಇಷ್ಟನ್ನೂ ಕುದುರೆಯವರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಕೇಳಿದ್ದು ಒಂದೇ: "ಎಷ್ಟು ದಿನ ಕೆಲಸ ನಿಲ್ಲುತ್ತದೆ?" ಗಾಯ ಮಾಯುವವರೆಗೆ ಕೆಲವು ವಾರ ಜೀನು ಹಾಕುವಂತಿಲ್ಲ ಎಂದೆ. ಬಹಳ ಹೊತ್ತು ಮಾತಿಲ್ಲ. ಬಳಿಕ, "ಸೀಸನ್ ಮುಗಿಯಲಿ, ಮಳೆಗಾಲದಲ್ಲಿ ಮಾಡಿಸುತ್ತೇನೆ" ಎಂದರು. ಅಷ್ಟರಲ್ಲಿ ಗಂಟು ಬೆಳೆದರೆ ಚಿಕಿತ್ಸೆಯೂ ಖರ್ಚೂ ದೊಡ್ಡದಾಗುತ್ತದೆ ಎಂದೆ. ವಾರದ ಬಳಿಕ ಅವರೇ ಫೋನ್ ಮಾಡಿ, ಕೂದಲು ಬಿಚ್ಚಿ ವೈದ್ಯರಿಗೆ ತೋರಿಸಿದೆ ಎಂದರು.

ಪರೇಲ್‌ನಲ್ಲಿ 1886ರಲ್ಲೇ ಆರಂಭವಾದ ಪಶುವೈದ್ಯ ಕಾಲೇಜು ನಮ್ಮ ಮಹಾನಗರದಲ್ಲಿದೆ. ಸವಾರಿಗೆ ಮುನ್ನ ಕುದುರೆಯ ಮೈಮೇಲೆ ಗಂಟೋ ಹುಣ್ಣೋ ಕಂಡರೆ, ಓದುಗರು ಏರದೆ, ವೈದ್ಯರಿಗೆ ತೋರಿಸುವಂತೆ ಒಂದು ಮಾತು ಹೇಳಿದರೆ ಅದೇ ದೊಡ್ಡ ಉಪಕಾರ.