ಬೆರಳಿಗೆ ಯಾರು ಕಲಿಸಿದರು?

ಹೂ ಕಟ್ಟುವಾಗ ನಾವು ಕೈಯನ್ನೇ ನೋಡುತ್ತಾ ಕೂರುತ್ತೇವೆಯೇ? ಇಲ್ಲ. ಪಕ್ಕದ ಮನೆಯಾಕೆ ಜೊತೆ ಮಾತಾಡುತ್ತಾ ಇರುತ್ತೇವೆ. ಬೆರಳು ತನ್ನ ಪಾಡಿಗೆ ಮೊಗ್ಗು ಜೋಡಿಸುತ್ತದೆ, ದಾರ ಸುತ್ತುತ್ತದೆ, ಗಂಟು ಎಳೆಯುತ್ತದೆ. ಗಂಟು ಸಡಿಲವಾದರೆ ಕಣ್ಣಿಗಿಂತ ಮೊದಲು ಬೆರಳಿಗೇ ಗೊತ್ತಾಗುತ್ತದೆ. ಜೋರಾಗಿ ಎಳೆದರೆ ತೊಟ್ಟು ತುಂಡಾಗುತ್ತದೆ. ಎಷ್ಟು ಎಳೆಯಬೇಕು ಅಂತ ಬೆರಳಿಗೆ ಯಾರು ಹೇಳಿಕೊಟ್ಟರು?

ಜೋಳದ ರೊಟ್ಟಿಯನ್ನೇ ನೋಡೋಣ. ರೊಟ್ಟಿ ಕಲಿಯುವ ಹುಡುಗಿ ಮೊದಲ ದಿನ ಅವ್ವನ ಕೈ ನೋಡುತ್ತಾಳೆ. ತಾನೂ ಹಾಗೇ ಬಡಿಯುತ್ತಾಳೆ. ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗುಟು ಇಲ್ಲ. ಬಿಸಿನೀರು ಹಾಕಿ ಚೆನ್ನಾಗಿ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. "ಹದ ಬಂದಿಲ್ಲವ್ವಾ, ಇನ್ನಷ್ಟು ನಾದು" ಅನ್ನುತ್ತಾಳೆ ಅವ್ವ. ಹದವನ್ನು ಸೇರು, ಪಾವಿನಲ್ಲಿ ಅಳೆಯಲು ಆಗುತ್ತದೆಯೇ? ಅಂಗೈ ಹಿಟ್ಟನ್ನು ಒತ್ತುತ್ತದೆ. ಹಿಟ್ಟೂ ಅಂಗೈಯನ್ನು ಒತ್ತುತ್ತದೆ. ಹದ ತಿಳಿಯುವುದು ಅಲ್ಲಿಯೇ. ಕೆಲವು ದಿನ ಕಳೆದ ಮೇಲೆ ಅದೇ ಹುಡುಗಿ ಹಿಟ್ಟು ಮುಟ್ಟಿದ ಕೂಡಲೇ "ನೀರು ಹೆಚ್ಚಾಯ್ತು" ಅನ್ನುತ್ತಾಳೆ. ಚರ್ಮ ಅದೇ, ಬೆರಳೂ ಅದೇ. ಮೊದಲ ದಿನ ತಿಳಿಯದ್ದು ಈಗ ತಿಳಿಯುತ್ತದೆ. ಕೈ ಕೆಲಸ ಕಲಿಯಿತು. ಅದರ ಜೊತೆಗೇ ಮುಟ್ಟಿ ತಿಳಿಯುವುದನ್ನೂ ಕಲಿಯಿತು.

ನಮ್ಮ ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನರದ ತುದಿಗಳಿವೆ. ಮುಟ್ಟಿದ್ದನ್ನು ಮಿದುಳಿಗೆ ತಿಳಿಸುವುದು ಇವುಗಳ ಕೆಲಸ. ಬೆರಳ ತುದಿಯಲ್ಲಿ ಇವು ಬಹಳ ಒತ್ತಾಗಿವೆ. ಬೆನ್ನಿನಲ್ಲಿ ಕಡಿಮೆ. ಬೇಕಾದರೆ ಪರೀಕ್ಷೆ ಮಾಡಿ. ಎರಡು ಕಡ್ಡಿಗಳ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ಹಿಡಿಯಿರಿ. ಮೆಲ್ಲಗೆ ಗೆಳತಿಯ ಬೆನ್ನಿಗೆ ಮುಟ್ಟಿಸಿ. "ಒಂದೇ ಕಡ್ಡಿ" ಅನ್ನುತ್ತಾಳೆ. ಆಮೇಲೆ ಬೆರಳ ತುದಿಗೆ ಮುಟ್ಟಿಸಿ ಕೇಳಿ.

ಸ್ವೀಡನ್ ದೇಶದ ವಿಜ್ಞಾನಿಗಳಾದ ಯೋಹಾನ್ಸನ್ ಮತ್ತು ವೆಸ್ಟ್‌ಲಿಂಗ್ 1984ರಲ್ಲಿ ಒಂದು ಸಂಗತಿ ತಿಳಿಸಿದರು. ಅವರು ಜನರಿಗೆ ಸಣ್ಣ ವಸ್ತುವನ್ನು ಎರಡು ಬೆರಳಲ್ಲಿ ಎತ್ತಲು ಹೇಳಿದರು. ವಸ್ತು ಸ್ವಲ್ಪ ಜಾರಿದರೂ ಬೆರಳು ಬಿಗಿಯಾಗುತ್ತಿತ್ತು. ಅದೂ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ! ಆಮೇಲೆ ಔಷಧಿ ಕೊಟ್ಟು ಬೆರಳ ತುದಿ ಮರಗಟ್ಟುವಂತೆ ಮಾಡಿದರು. ಬೆರಳಿನ ಶಕ್ತಿ ಹಾಗೇ ಇತ್ತು. ಆದರೆ ವಸ್ತು ನುಣುಪೋ ಒರಟೋ ತಿಳಿಯಲಿಲ್ಲ. ಎಷ್ಟು ಬಿಗಿ ಹಿಡಿಯಬೇಕೆಂಬ ಲೆಕ್ಕ ತಪ್ಪಿತು.

ಅದಕ್ಕೇ ಮರಗಟ್ಟಿದ ಚರ್ಮವನ್ನು ಅಸಡ್ಡೆ ಮಾಡಬಾರದು. ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದೆ, ಮುಟ್ಟಿದರೆ ತಿಳಿಯುವುದಿಲ್ಲ ಅಂದರೆ ಅದು ಕುಷ್ಠರೋಗ ಇರಬಹುದು. ಒಲೆಯ ಬಿಸಿ ಬೆರಳಿಗೆ ತಾಗದಿದ್ದರೂ ಡಾಕ್ಟರಿಗೆ ತೋರಿಸಬೇಕು. ಮುಚ್ಚಿಡುವುದು ಬೇಡ. ಕುಷ್ಠರೋಗ ಪೂರ್ತಿ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಬೇಗ ಹೋದರೆ ಕೈಬೆರಳು ಸೊಟ್ಟಗಾಗುವುದು ತಪ್ಪುತ್ತದೆ.

ಇನ್ನು ನಮ್ಮ ಬಳಪದ ವಿಷಯ. ಕಲಿಕಾ ಕೇಂದ್ರದಲ್ಲಿ ಮೊದಲ ವಾರ ಎಲ್ಲರದೂ ಒಂದೇ ದೂರು. ಬಳಪ ಮುರೀತು, ಕೈ ನೋಯ್ತದೆ. "ವಯಸ್ಸಾಯ್ತು ಕಣಮ್ಮಾ, ಈ ಕೈ ಇನ್ನು ಬಗ್ಗಲ್ಲ" ಅನ್ನುವವರೂ ಇದ್ದಾರೆ. ನಾವು ಇದನ್ನು ಒಪ್ಪುವುದಿಲ್ಲ. ಬಳಪ ಬೆರಳಿಗೆ ಹೊಸದು. ಎಷ್ಟು ಹಿಡಿದರೆ ಸಾಕು ಅಂತ ಅದಕ್ಕೆ ಇನ್ನೂ ತಿಳಿದಿಲ್ಲ. ಅದಕ್ಕೇ ಹಿಚುಕುತ್ತದೆ. ರಂಗೋಲಿ ಪುಡಿಯನ್ನು ಎರಡು ಬೆರಳ ನಡುವಿನಿಂದ ಸಣ್ಣ ಎಳೆಯಾಗಿ ಬಿಡುವ ಕೈ ಇದು. ಇದಕ್ಕೆ ಅಕ್ಷರ ಯಾವ ಲೆಕ್ಕ?

ಕಲಿಸುವವರು ಕೈ ಹಿಡಿದು ತಿದ್ದಿಸುತ್ತಾರೆ. ಒಂದೆರಡು ಸಲ ಇದು ಸರಿ. ದಿನವೂ ಹಿಡಿದರೆ ನಮ್ಮ ಬೆರಳಿಗೆ ತಿಳಿಯುವುದು ಅವರ ಕೈಯ ಒತ್ತಡವೇ ಹೊರತು ಬಳಪದ್ದಲ್ಲ. "ಈಗ ಕೈ ಬಿಡ್ರಿ, ನಾನೇ ಬರೀತೀನಿ" ಅನ್ನಲು ನಾಚಿಕೆ ಬೇಡ.

ಹಿಂದಿನ ಕಾಲದ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದರು. ನಾವೂ ತಟ್ಟೆಯಲ್ಲಿ ಮರಳು ಹರಡಿಕೊಳ್ಳೋಣ. ತೋರುಬೆರಳಿಂದ ದೊಡ್ಡದಾಗಿ 'ಅ' ಬರೆಯೋಣ. ನಾಲ್ಕಾರು ಸಲ ಬರೆದ ಮೇಲೆ ಕಣ್ಣು ಮುಚ್ಚಿ ಇನ್ನೊಮ್ಮೆ ಬರೆದು ನೋಡಿ.